ಗಾಳಿಯಲ್ಲೊಂದು ಗೋಮಾಳ: ವೈಫೈ ಬಂದ ದಾರಿ

ಬೆಂಗಳೂರಿನ ಉತ್ತರಕ್ಕೆ, ಯಲಹಂಕದಲ್ಲಿ, ಆಕಾಶವಾಣಿ 1990ರ ದಶಕದಲ್ಲಿ ಒಂದೊಂದೂ 500 ಕಿಲೋವ್ಯಾಟ್ ಶಕ್ತಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಸ್ಥಾಪಿಸಿತು. ಅಲ್ಲಿಂದ ಹೊರಟ ದನಿ ಸಮುದ್ರ ದಾಟಿ ಬೇರೆ ದೇಶಗಳ ರೇಡಿಯೋಗಳಲ್ಲಿ ಕೇಳುತ್ತಿತ್ತು. ಈಗ ಅದೇ ಯಲಹಂಕದ ಮನೆಗಳಲ್ಲಿ ಗೋಡೆಗೆ ಸಿಕ್ಕಿಸಿರುವ ವೈಫೈ ರೌಟರ್ ನೋಡಿ. ಅದರ ಶಕ್ತಿ ಒಂದು ವ್ಯಾಟ್‌ನಲ್ಲಿ ಹತ್ತನೇ ಒಂದು ಭಾಗದ ಆಸುಪಾಸು. ಲೆಕ್ಕ ಹಾಕಿದರೆ ಆ ಟ್ರಾನ್ಸ್‌ಮಿಟರ್ ಈ ಡಬ್ಬಿಗಿಂತ ಸುಮಾರು 50 ಲಕ್ಷ ಪಟ್ಟು ದೊಡ್ಡದು.

ಆದರೆ ಎರಡೂ ಮಾಡುವುದು ಒಂದೇ ಕೆಲಸ, ರೇಡಿಯೋ ಅಲೆಗಳನ್ನು ಕಳಿಸುವುದು. ವ್ಯತ್ಯಾಸ ಬರೀ ಶಕ್ತಿಯದ್ದಲ್ಲ. ದೊಡ್ಡದನ್ನು ನಡೆಸಲು ಸರ್ಕಾರಕ್ಕೆ ಮಾತ್ರ ಸಾಧ್ಯವಿತ್ತು. ಚಿಕ್ಕದನ್ನು ಯಾರು ಬೇಕಾದರೂ ಅಂಗಡಿಯಿಂದ ತಂದು ಪ್ಲಗ್ಗಿಗೆ ಹಾಕಬಹುದು, ಯಾರನ್ನೂ ಕೇಳಬೇಕಿಲ್ಲ. ಈ ಅನುಮತಿ ಎಲ್ಲಿಂದ ಬಂತು? ವೈಫೈ ಚರಿತ್ರೆ ಎಂದರೆ ಮುಖ್ಯವಾಗಿ ಈ ಪ್ರಶ್ನೆಗೆ ಉತ್ತರ. ಆ ಉತ್ತರದಲ್ಲಿ ಹಳ್ಳಿಗಳಿಗೂ ಪಾಲಿದೆ ಎಂಬ ಕಾರಣಕ್ಕೆ ನಾವು ಇದನ್ನು ಬರೆಯುತ್ತಿದ್ದೇವೆ.

ರೇಡಿಯೋ ಕೇಳಲೂ ಲೈಸೆನ್ಸ್

ನಿಮ್ಮ ಮನೆಯ ಹಿರಿಯರನ್ನು ಕೇಳಿ. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲ ಅವರಿಗೆ ನೆನಪಿರುತ್ತದೆ. ಅಂಚೆ ಕಚೇರಿಗೆ ಹೋಗಿ ವರ್ಷದ ಶುಲ್ಕ ಕಟ್ಟಿ ಪುಸ್ತಕದಲ್ಲಿ ಗುರುತು ಮಾಡಿಸಿಕೊಳ್ಳಬೇಕಿತ್ತು. ಬ್ರಿಟಿಷರ ಕಾಲದ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ರೇಡಿಯೋ ಉಪಕರಣ ಇಟ್ಟುಕೊಳ್ಳುವುದೇ ತಪ್ಪು. ಈ ರೇಡಿಯೋ ಲೈಸೆನ್ಸ್ 1980ರ ದಶಕದವರೆಗೂ ಇತ್ತು.

ಅಲೆಗಳನ್ನು ಕಳಿಸುವವರ ಮೇಲೆ ಕಟ್ಟುಪಾಡು ಹಾಕಲು ಒಂದು ಕಾರಣವೂ ಇದೆ. ಒಂದೇ ತರಂಗದ ಮೇಲೆ ಇಬ್ಬರು ಮಾತಾಡಿದರೆ ಯಾರದ್ದೂ ಕೇಳುವುದಿಲ್ಲ. ಹಾಗಾಗಿ ಎಲ್ಲ ದೇಶಗಳೂ ತರಂಗಗಳನ್ನು ಜಮೀನಿನಂತೆ ಸರ್ವೆ ನಂಬರ್ ಹಾಕಿ ಹಂಚಿಬಿಟ್ಟವು. ಇದು ಸೇನೆಗೆ, ಇದು ಆಕಾಶವಾಣಿಗೆ, ಇದು ವಿಮಾನಗಳಿಗೆ ಎಂದು. ಜನಸಾಮಾನ್ಯರ ಹೆಸರಿಗೆ ತುಂಡು ಜಾಗವೂ ಬರಲಿಲ್ಲ.

ಹವಾಯಿಯ ಪಾಠ, ಅಮೆರಿಕದ ಬಂಜರು

ಹಂಚದೆಯೇ ಒಂದು ತರಂಗವನ್ನು ಹಲವರು ಬಳಸಬಹುದು ಎಂದು ತೋರಿಸಿದ್ದು ಹವಾಯಿ ವಿಶ್ವವಿದ್ಯಾಲಯ. ಅಲ್ಲಿ ಕಂಪ್ಯೂಟರ್‌ಗಳು ಬೇರೆ ಬೇರೆ ದ್ವೀಪಗಳಲ್ಲಿದ್ದವು. ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು 1971ರಲ್ಲಿ ಅವುಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಅದರ ಹೆಸರು ಅಲೋಹಾನೆಟ್. ನಿಯಮ ಸರಳ: ಹೇಳಬೇಕಾದ್ದನ್ನು ಚಿಕ್ಕ ತುಂಡು ಮಾಡಿ ಕಳಿಸು. ಇನ್ನೊಬ್ಬರ ತುಂಡಿಗೆ ಡಿಕ್ಕಿಯಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕಳಿಸು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದರಿಂದ ಇಬ್ಬರೂ ಮತ್ತೆ ಒಟ್ಟಿಗೇ ಎದ್ದು ನಿಲ್ಲುವ ಸಂಭವ ಕಡಿಮೆ. ಇಂದಿನ ವೈಫೈ ಇದಕ್ಕೆ ಇನ್ನೊಂದು ಮರ್ಯಾದೆ ಸೇರಿಸಿಕೊಂಡಿದೆ: ಮಾತಾಡುವ ಮೊದಲು ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿಸಿಕೊಳ್ಳುವುದು.

ಇನ್ನು ಬೇಕಿದ್ದದ್ದು ಜಾಗ. ಅದು ಸಿಕ್ಕಿದ್ದು 1985ರಲ್ಲಿ, ಅಮೆರಿಕದ ಸಂಪರ್ಕ ಆಯೋಗದ ಒಂದು ತೀರ್ಮಾನದಿಂದ. 2.4 ಗಿಗಾಹರ್ಟ್ಸ್ ಮುಂತಾದ ಕೆಲವು ತರಂಗ ಪಟ್ಟಿಗಳು ಆಗ ಬಂಜರಿದ್ದಂತೆ. ಅಡುಗೆಮನೆಯ ಮೈಕ್ರೋವೇವ್ ಒಲೆಗಳು, ಕಾರ್ಖಾನೆಯ ಯಂತ್ರಗಳು ಅಲ್ಲಿ ಗದ್ದಲ ಎಬ್ಬಿಸುತ್ತಿದ್ದವು. ಮಾತುಕತೆಗೆ ಯಾರಿಗೂ ಅದು ಬೇಡವಾಗಿತ್ತು. ಆಯೋಗ ಹೇಳಿತು: ಕಡಿಮೆ ಶಕ್ತಿಯಲ್ಲಿ, ಇತರರಿಗೆ ತೊಂದರೆ ಕೊಡದೆ, ಇತರರಿಂದ ಆಗುವ ತೊಂದರೆ ಸಹಿಸಿಕೊಂಡು ಯಾರು ಬೇಕಾದರೂ ಬಳಸಿ, ಲೈಸೆನ್ಸ್ ಬೇಡ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗಾಳಿಯಲ್ಲಿ ಬಿಟ್ಟ ಗೋಮಾಳ.

ಒಂದೇ ಅಳತೆಯ ಸೇರು

ಗೋಮಾಳ ಸಿಕ್ಕ ಮೇಲೆ ಪ್ರತಿ ಕಂಪನಿಯೂ ತನ್ನದೇ ಉಪಕರಣ ಮಾಡಿತು. ಒಬ್ಬರದ್ದು ಇನ್ನೊಬ್ಬರದ್ದರ ಜೊತೆ ಮಾತಾಡುತ್ತಿರಲಿಲ್ಲ. ಒಂದೊಂದು ಸಂತೆಯಲ್ಲಿ ಒಂದೊಂದು ಅಳತೆಯ ಸೇರು ಇದ್ದ ಹಾಗೆ. ಅಂಗಡಿಗಳ ಬಿಲ್ ಯಂತ್ರ ಮಾಡುತ್ತಿದ್ದ ಎನ್‌ಸಿಆರ್ ಕಂಪನಿಗೆ ವೈರ್ ಇಲ್ಲದೆ ಆ ಯಂತ್ರಗಳನ್ನು ಜೋಡಿಸಬೇಕಿತ್ತು. ಎಲ್ಲರಿಗೂ ಒಂದೇ ಅಳತೆ ಬೇಕೆಂದು ಅದು ಎಂಜಿನಿಯರ್‌ಗಳ ಸಂಸ್ಥೆ ಐಇಇಇ ಬಾಗಿಲಿಗೆ ಹೋಯಿತು. 1990ರಲ್ಲಿ 802.11 ಹೆಸರಿನ ಸಮಿತಿ ಶುರುವಾಯಿತು. ನೆದರ್ಲೆಂಡ್ಸ್‌ನ ವಿಕ್ ಹೇಯ್ಸ್ ಅದರ ಅಧ್ಯಕ್ಷರು.

ಒಂದು ಒಪ್ಪಂದಕ್ಕೆ ಬರಲು ಏಳು ವರ್ಷ ಹಿಡಿಯಿತು. 1997ರ ಮೊದಲ ಮಾನದಂಡದ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ 802.11ಬಿ ಬಂದಾಗ 11ಕ್ಕೆ ಏರಿತು. ಅದೇ ವರ್ಷ ಆಪಲ್ ಕಂಪನಿ ತನ್ನ ಲ್ಯಾಪ್‌ಟಾಪ್‌ಗೆ ಇದನ್ನು ಅಳವಡಿಸಿತು. ವೈಫೈ ಎಂಬ ಹೆಸರು ಹುಟ್ಟಿದ್ದೂ ಆಗಲೇ. ವೈಫೈ ಎಂದರೆ ವೈರ್‌ಲೆಸ್ ಫಿಡೆಲಿಟಿ ಎಂದು ಎಷ್ಟೋ ಕಡೆ ಓದಿರುತ್ತೀರಿ. ನಿಜವೆಂದರೆ ಅದು ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ. 802.11 ಎಂದು ಜನರ ನಾಲಿಗೆ ಹೊರಳದು ಎಂದು ಹೆಸರು ಕಟ್ಟುವ ಕಂಪನಿಯೊಂದರಿಂದ ಮಾಡಿಸಿದ ಹೆಸರು.

ಮುಂದೆ 2003ರಲ್ಲಿ 'ಜಿ' ಬಂತು, ವೇಗ 54. 2009ರ 'ಎನ್' ಒಂದಕ್ಕಿಂತ ಹೆಚ್ಚು ಆಂಟೆನಾಗಳಿಂದ ಒಟ್ಟೊಟ್ಟಿಗೆ ಕಳಿಸುವುದನ್ನು ಕಲಿಸಿತು, ಗರಿಷ್ಠ 600. ರೌಟರ್‌ಗೆ ಎರಡು ಮೂರು ಕೊಂಬು ಮೂಡಿದ್ದು ಇದರಿಂದಲೇ. 2013ರ 'ಎಸಿ' 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೇಗವನ್ನು ಇನ್ನೂ ಏರಿಸಿತು. ಈ ಅಕ್ಷರಗಳಿಂದ ಜನ ಗೊಂದಲಕ್ಕೆ ಬಿದ್ದಾಗ 2018ರಲ್ಲಿ ಅವಕ್ಕೆ ನಂಬರ್ ಕೊಟ್ಟರು: 'ಎನ್' ಎಂದರೆ ವೈಫೈ 4, 'ಎಸಿ' ಎಂದರೆ 5, ಅದರ ನಂತರದ್ದು 6. ಈಗ 7 ಅಂಗಡಿಯಲ್ಲಿದೆ.

ಪ್ರತಿ ಸಲ ಹೊಸ ಮಾನದಂಡ ಮಾಡುವಾಗಲೂ ಹಳೆಯದನ್ನು ಉಳಿಸಿಕೊಂಡರು. ಹತ್ತು ವರ್ಷದ ಹಳೇ ಫೋನ್ ಇವತ್ತಿನ ರೌಟರ್‌ಗೂ ಸಾಮಾನ್ಯವಾಗಿ ಸೇರಿಕೊಳ್ಳುತ್ತದೆ. ಬಡವನ ಹಳೇ ಫೋನನ್ನು ಪಂಕ್ತಿಯಿಂದ ಎಬ್ಬಿಸಲಿಲ್ಲ ಎಂಬುದು ಈ ಚರಿತ್ರೆಯ ದೊಡ್ಡ ಗುಣ.

ಬೀಗದ ವಿಷಯದಲ್ಲಿ ಮಾತ್ರ ಹಳೆಯದು ಕೈಕೊಟ್ಟಿತು. ಮೊದಲು ಮಾಡಿದ್ದ ಡಬ್ಲ್ಯುಇಪಿ ಎಂಬ ರಹಸ್ಯ ಲಿಪಿಯನ್ನು 2001ರಲ್ಲೇ ಸಂಶೋಧಕರು ಬಿಡಿಸಿ ತೋರಿಸಿದರು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ನಿಮ್ಮ ರೌಟರ್ ಸೆಟ್ಟಿಂಗ್‌ನಲ್ಲಿ ಈ ಎರಡರಲ್ಲಿ ಒಂದು ಇರಲಿ.

ಗೋಮಾಳದಲ್ಲಿ ನೂಕುನುಗ್ಗಲು

ಎಲ್ಲರ ದನವೂ ಒಂದೇ ಗೋಮಾಳಕ್ಕೆ ಬಂದರೆ ಮೇವು ಸಾಲದು. ಆರ್.ಟಿ. ನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ ಫೋನಿನ ವೈಫೈ ಪಟ್ಟಿ ತೆರೆದು ನೋಡಿ, ಅಕ್ಕಪಕ್ಕದ ಮನೆಗಳ ಹೆಸರುಗಳು ಸಾಲಾಗಿ ನಿಲ್ಲುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಮೂರು. ಅಷ್ಟರಲ್ಲೇ ಇಡೀ ಬೀದಿ ಸರದಿ ಕಾಯಬೇಕು. ದೂರದಲ್ಲಿ ಕೂತ ಒಬ್ಬರ ಫೋನ್ ನಿಧಾನವಾಗಿ ಮಾತಾಡಿದರೆ ಅದೇ ರೌಟರ್‌ನ ಉಳಿದವರೂ ನಿಧಾನವಾಗುತ್ತಾರೆ. ಬೋರ್‌ವೆಲ್ ಮುಂದೆ ಒಬ್ಬರು ಸಣ್ಣ ಬಾಯಿಯ ಬಿಂದಿಗೆ ತಂದರೆ ಸಾಲು ನಿಲ್ಲುವಂತೆ.

ಈ ಸರದಿಯ ಲೆಕ್ಕವನ್ನು ಆಳವಾಗಿ ಮಾಡಿದವರು ಯಶವಂತಪುರದ ಮಗ್ಗುಲಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅನುರಾಗ್ ಕುಮಾರ್ ಮತ್ತು ಸಂಗಡಿಗರು 802.11ರ ಸರದಿ ನಿಯಮವನ್ನು ಗಣಿತದಲ್ಲಿ ವಿಶ್ಲೇಷಿಸಿ 2005ರಲ್ಲಿ ಪ್ರಬಂಧ ಮಂಡಿಸಿದರು. ಅದು ಇಂದಿಗೂ ಉಲ್ಲೇಖವಾಗುತ್ತದೆ. ವೈಫೈ ಜಾಲದಲ್ಲಿ ಎಲ್ಲರಿಗೂ ನ್ಯಾಯವಾಗಿ ಪಾಲು ಸಿಗುವಂತೆ ನಿಭಾಯಿಸುವ 'ಅಡ್ವೈಸರ್' ಎಂಬ ವ್ಯವಸ್ಥೆಯನ್ನೂ ಸಂಸ್ಥೆಯಲ್ಲಿ ರೂಪಿಸಿದರು. ಮುಂದೆ ಬಂದ ವೈಫೈ 6 ವೇಗಕ್ಕಿಂತ ಹೆಚ್ಚಾಗಿ ಇದೇ ನೂಕುನುಗ್ಗಲಿನ ಸಮಸ್ಯೆಗೆ ಕೈಹಾಕಿತು: ಒಂದೇ ಸರದಿಯನ್ನು ಹಲವು ಫೋನ್‌ಗಳಿಗೆ ಪಾಲು ಮಾಡಿ ಕೊಡುವುದು.

ನಮ್ಮಲ್ಲಿ ಬೇಲಿ ತೆಗೆದದ್ದು

ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮನೆ ಒಳಗೂ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಅಮೆರಿಕಕ್ಕಿಂತ ಇಪ್ಪತ್ತು ವರ್ಷ ತಡವಾಗಿ. 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನು ಹೊರಾಂಗಣಕ್ಕೆ ಬಿಟ್ಟದ್ದು 2018ರಲ್ಲಿ.

2014ರ ಜನವರಿಯಲ್ಲಿ ರಾಜ್ಯ ಸರ್ಕಾರ 'ನಮ್ಮ ವೈಫೈ' ಶುರು ಮಾಡಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಜೊತೆ ಯಶವಂತಪುರದ ಬಿಎಂಟಿಸಿ ನಿಲ್ದಾಣವೂ ಪಟ್ಟಿಯಲ್ಲಿತ್ತು. ದಿನಕ್ಕೆ 50 ಎಂಬಿ ಉಚಿತ. ಯಶವಂತಪುರ ಎಂದರೆ ರೈಲು, ಮಾರುಕಟ್ಟೆ, ಊರಿನಿಂದ ಬಂದಿಳಿಯುವ ಜನ. ಬಸ್ಸು ಕಾಯುವವರ ಕೈಗೆ ಪುಕ್ಕಟೆ ನೆಟ್ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಆ ಸೇವೆ ಬಹುಕಾಲ ಬಾಳಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾವೇ ಅಗ್ಗವಾಯಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ವೈಫೈ ಬೇರೆ, ಇಂಟರ್ನೆಟ್ ಬೇರೆ. ವೈಫೈ ಎಂಬುದು ಮನೆಯ ನಲ್ಲಿ, ನೀರು ಬರಬೇಕಾದ್ದು ಹಿಂದಿನ ಪೈಪಿನಿಂದ. ಗಾಳಿಯ ಗೋಮಾಳ ಪುಕ್ಕಟೆ, ಪೈಪು ಪುಕ್ಕಟೆ ಅಲ್ಲ. ಗ್ರಾಮ ಪಂಚಾಯಿತಿಗಳಿಗೆ ಆ ಪೈಪು ತರಲೆಂದೇ 2011ರಲ್ಲಿ ಒಪ್ಪಿಗೆ ಪಡೆದ ಫೈಬರ್ ಯೋಜನೆ ಇಂದಿನ ಭಾರತ್‌ನೆಟ್.

ಹಳ್ಳಿಯ ಪಾಲು

ಲೈಸೆನ್ಸ್ ಇಲ್ಲದ ಗಾಳಿ ಹಳ್ಳಿಯಲ್ಲಿ ಏನು ಮಾಡಬಲ್ಲದು? ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ಅರವಿಂದ ಕಣ್ಣಾಸ್ಪತ್ರೆ ಮತ್ತು ಬರ್ಕ್‌ಲಿ ವಿಶ್ವವಿದ್ಯಾಲಯದವರು ದೂರ ಹೋಗುವ ವೈಫೈ ಕಟ್ಟಿ, ಹಳ್ಳಿ ಕೇಂದ್ರದಲ್ಲಿ ಕೂತ ರೋಗಿಯನ್ನು ಪಟ್ಟಣದ ವೈದ್ಯರು ವಿಡಿಯೋದಲ್ಲಿ ನೋಡುವಂತೆ ಮಾಡಿದರು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಊರಿನವರದ್ದೇ ಆದ ವೈಫೈ ಜಾಲ ಕಟ್ಟುವ ಕೆಲಸ ಮಾಡಿದೆ. ಅದರ ಹೆಸರು ಕೌಮೆಶ್. ಗೋಮಾಳಕ್ಕೆ ಹಸು ಬಂದೇ ಬಿಟ್ಟಿತು!

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಿರಾಣಿ ಅಂಗಡಿ, ಹೋಟೆಲ್, ಯಾರೇ ಆಗಲಿ ಲೈಸೆನ್ಸ್ ಇಲ್ಲದೆ, ನೋಂದಣಿ ಶುಲ್ಕವಿಲ್ಲದೆ ವೈಫೈ ಮಾರಬಹುದು. ಹಳದಿ ಬಣ್ಣದ ಎಸ್‌ಟಿಡಿ ಬೂತ್ ಇತ್ತಲ್ಲ, ಅದೇ ಲೆಕ್ಕ. ಇಂಥ ಅಂಗಡಿಗೆ ಯೋಜನೆಯಲ್ಲಿ ಪಿಡಿಒ ಎನ್ನುತ್ತಾರೆ, ಪಬ್ಲಿಕ್ ಡೇಟಾ ಆಫೀಸ್. ಪಂಚಾಯಿತಿ ಪಿಡಿಒ ಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಂಗಡಿಯವರಿಗೆ ಹಿಂದಿನ ಪೈಪು ದುಬಾರಿಯಾಗಿತ್ತು. 2022ಕ್ಕೆ ದೇಶದಲ್ಲಿ ಒಂದು ಕೋಟಿ ಸಾರ್ವಜನಿಕ ವೈಫೈ ಆಗಬೇಕೆಂಬ ಗುರಿ ಬಹಳ ದೂರವೇ ಉಳಿಯಿತು. ಕೊನೆಗೆ 2025ರ ಜೂನ್‌ನಲ್ಲಿ ಟ್ರಾಯ್ ಒಂದು ಆದೇಶ ಮಾಡಿತು: ಮನೆಯವರಿಗೆ ಕೊಡುವ ಫೈಬರ್ ದರದ ಎರಡು ಪಟ್ಟಿಗಿಂತ ಹೆಚ್ಚನ್ನು ಈ ಅಂಗಡಿಗಳಿಂದ ಕೇಳುವಂತಿಲ್ಲ.

ಈಗಿನ ಜಗಳ 6 ಗಿಗಾಹರ್ಟ್ಸ್ ಪಟ್ಟಿಯದ್ದು. ಅಮೆರಿಕ 2020ರಲ್ಲಿ ಇಡೀ 1,200 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆಯಿತು. ನಮ್ಮಲ್ಲಿ ಅದು ತಮಗೆ ಬೇಕೆಂದು ಮೊಬೈಲ್ ಕಂಪನಿಗಳು, ಎಲ್ಲರಿಗೂ ಬಿಡಿ ಎಂದು ಇಂಟರ್ನೆಟ್ ಕಂಪನಿಗಳು ವಾದ ಹೂಡಿದವು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕೆಳಗಿನ 500 ಮೆಗಾಹರ್ಟ್ಸ್ ಅನ್ನು ಮಾತ್ರ ಲೈಸೆನ್ಸ್‌ಮುಕ್ತ ಮಾಡುವ ಕರಡು ನಿಯಮ ಹೊರಡಿಸಿತು.

ಗೋಮಾಳ ಹೇಗೆ ಕರಗುತ್ತದೆಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಳಸದೆ ಬಿಟ್ಟ ಜಾಗದ ಮೇಲೆ ಮೊದಲು ಕಣ್ಣು ಬೀಳುತ್ತದೆ. ಆದ್ದರಿಂದ ನಮ್ಮದೊಂದು ಸಲಹೆ. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಗೆ ಬಂದ ಫೈಬರ್ ಕೆಲಸ ಮಾಡುತ್ತಿದೆಯಾ? ಗ್ರಂಥಾಲಯದಲ್ಲಿ ಓದುವ ಮಕ್ಕಳಿಗೆ ಅದರಿಂದ ವೈಫೈ ಸಿಗುತ್ತಿದೆಯಾ? ಗಾಳಿಗೆ ಲೈಸೆನ್ಸ್ ಬೇಡ ಎಂದು 2005ರಲ್ಲೇ ತೀರ್ಮಾನವಾಗಿದೆ. ಉಳಿದದ್ದನ್ನು ನಾವು ಕೇಳಿಯೇ ಪಡೆಯಬೇಕು.