ಬೇಡರ ಕಣ್ಣಪ್ಪನೂ ಸುರಪುರದ ಬೇಡರೂ

ಕನ್ನಡ ವಾಕ್ಚಿತ್ರಗಳ ಚರಿತ್ರೆಯಲ್ಲಿ 1954ನೆಯ ಇಸವಿಯು ಒಂದು ಗಡಿಗಲ್ಲು. 1934ರಲ್ಲಿ ‘ಸತೀ ಸುಲೋಚನಾ’ ತೆರೆಗೆ ಬಂದು ಇಪ್ಪತ್ತು ಸಂವತ್ಸರಗಳು ಕಳೆದ ಮೇಲೆ, ಗುಬ್ಬಿ ಕರ್ನಾಟಕ ಫಿಲಂಸ್ ಸಂಸ್ಥೆಯ ‘ಬೇಡರ ಕಣ್ಣಪ್ಪ’ವು ಹೊರಬಿದ್ದಿತು. ನಿರ್ದೇಶಕರು ಎಚ್. ಎಲ್. ಎನ್. ಸಿಂಹರವರು. ವೃತ್ತಿರಂಗಭೂಮಿಯಿಂದ ಬಂದ ಮುತ್ತುರಾಜರು ರಾಜ್‌ಕುಮಾರರೆಂಬ ಹೊಸ ಹೆಸರಿನಿಂದ ಇದರಲ್ಲಿ ಮೊದಲ ಸಲ ಕಥಾನಾಯಕರಾದರು. ನೀಲೆಯಾಗಿ ಪಂಡರೀಬಾಯಿಯವರು ನಟಿಸಿದರು. ಮುಂದೆ ಅರ್ಧ ಶತಮಾನ ಕನ್ನಡಿಗರ ಮನಸ್ಸನ್ನಾಳಿದ ನಟನು ಮೊದಲು ಧರಿಸಿದ್ದು ಬೇಡನ ವೇಷವನ್ನು. ಮೈಸೂರು ಸೀಮೆಯವರು ಇದನ್ನು ಕೇವಲ ಆಕಸ್ಮಿಕವೆಂದು ಬಿಡಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಸಗರನಾಡಿನವರು ಹಾಗೆ ಬಿಡಲಾರರು. ಅಲ್ಲಿ ಬೇಡನೆಂದರೆ ಅರಸು.

ಆ ಅರಸುತನದ ವೃತ್ತಾಂತವು ಸ್ವಲ್ಪದ್ದಲ್ಲ. ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ ಸ್ವತಃ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆಯು ಸುರಪುರದ ಸಮೀಪದ ವಾಗಿನಗೇರಿಯದು, ವರ್ಷ 1705. ಕೋಟೆಯೊಳಗಿದ್ದವನು ಪಿಡ್ಡನಾಯಕ. ದಖ್ಖಣದ ಸುಲ್ತಾನರನ್ನು ಕೆಡಹಿದ ಚಕ್ರವರ್ತಿಗೆ ಈ ಪಾಳೆಯಗಾರನು ತಿಂಗಳುಗಟ್ಟಲೆ ಕೈಗೆ ಸಿಕ್ಕದೆ, ಕೊನೆಗೆ ಕೋಟೆ ಬಿದ್ದಾಗಲೂ ತಾನು ತಪ್ಪಿಸಿಕೊಂಡನು. ಮೊಗಲ ಚರಿತ್ರಕಾರರು ಅವನ ಕುಲವನ್ನೂ ಬಣ್ಣವನ್ನೂ ಹೀಗಳೆದು ಬರೆದರು. ಆದರೆ ಬೇಡರ ಗುರಿಯನ್ನು ಹೀಗಳೆಯಲು ಅವರಿಂದಾಗಲಿಲ್ಲ. ಆ ಗುರಿ ಬಿಲ್ಲಿನದಲ್ಲ, ಕೋವಿಯದು ಎಂಬುದನ್ನು ಇಲ್ಲಿ ನೆನಪಿಡಬೇಕು.

1841ರಲ್ಲಿ ಮೆಡೋಸ್ ಟೇಲರನು ಈ ಸಂಸ್ಥಾನಕ್ಕೆ ಬಂದು, ಬಾಲಕನಾದ ವೆಂಕಟಪ್ಪನಾಯಕನ ಪೋಷಣೆಯ ಭಾರವನ್ನು ಹೊತ್ತನು. ಆ ಹುಡುಗನು ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದುದನ್ನು ಟೇಲರನೇ ಬರೆದಿಟ್ಟಿರುವನು. 1858ರಲ್ಲಿ ಆ ರಾಜನು ಆಂಗ್ಲರ ಮೇಲೆ ತಿರುಗಿ ಬಿದ್ದು, ಸೆರೆಯಾಗಿ, ಸೆರೆಯ ದಾರಿಯಲ್ಲಿಯೇ ಗುಂಡಿನಿಂದ ಅಸುನೀಗಿದನು. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು. ‘ಬೇಡರ ಕಣ್ಣಪ್ಪ’ವು ತೆರೆಕಂಡಾಗಲೂ ಈ ಮೂರು ತಾಲ್ಲೂಕುಗಳು ಹೈದರಾಬಾದು ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು, ಅವು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು.

ಇನ್ನು ಕಣ್ಣಪ್ಪನ ಕಥೆ. ಇದು ಕಾಳಹಸ್ತಿಯದು, ಸಗರನಾಡಿನದಲ್ಲ. ತಮಿಳಿನಲ್ಲಿ ಶೇಕ್ಕಿಳಾರನ ಪೆರಿಯಪುರಾಣ, ಕನ್ನಡದಲ್ಲಿ ಹರಿಹರನ ರಗಳೆ ಇದಕ್ಕೆ ಆಕರಗಳು. ಶಂಕರರದೆಂದು ಹೇಳುವ ಶಿವಾನಂದಲಹರಿಯಲ್ಲಿಯೂ ಮೆಟ್ಟಿನ ಕಾಲು, ಬಾಯಿಯ ನೀರು, ತಿಂದುಳಿದ ಮಾಂಸ ಇವು ಪೂಜಾದ್ರವ್ಯಗಳಾದ ಬೆರಗಿನ ಉಲ್ಲೇಖವುಂಟು. ಪೆರಿಯಪುರಾಣದಲ್ಲಿ ತಿಣ್ಣನು ಬೇಡರೊಡೆಯನಾದ ನಾಗನ ಮಗ. ಅವನಿಗೆ ಆಗಮ ತಿಳಿಯದು, ಮಂತ್ರ ತಿಳಿಯದು. ಕಥೆಯ ಕೆಚ್ಚೆಲ್ಲವೂ ಇರುವುದು ಇಲ್ಲಿಯೇ: ಬೇಡನು ಬೇಡನಾಗಿದ್ದುಕೊಂಡೇ, ತನ್ನ ಬೇಟೆಯ ಬಾಳಿನಲ್ಲಿ ಯಾವುದು ಶ್ರೇಷ್ಠವೋ ಅದನ್ನೇ ನೈವೇದ್ಯವಾಗಿಟ್ಟನು, ಶಿವನು ಅದನ್ನೇ ಕೈಕೊಂಡನು.

ಚಿತ್ರಕಾರರು ಇದಕ್ಕೆ ಒಂದು ಪೀಠಿಕೆಯನ್ನು ಕಟ್ಟಿದರು. ದಿಣ್ಣನೂ ನೀಲೆಯೂ ಮೂಲದಲ್ಲಿ ದೇವಲೋಕದವರು. ಅಲ್ಲಿಂದ ಭ್ರಷ್ಟರಾಗಿ ಬೇಡರಲ್ಲಿ ಹುಟ್ಟಿದವರು. ಪುರಾಣಶೈಲಿಯನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಆದರೆ ಇದರಿಂದ ಆಗುವ ಹಾನಿ ದೊಡ್ಡದು. ದೇವತೆಯು ದೇವರನ್ನು ಪೂಜಿಸಿದರೆ ಅದರಲ್ಲಿ ಅತಿಶಯವೇನು? ಬೇಡತನವು ಶಿಕ್ಷೆಯೆಂದಾದ ಮೇಲೆ ಮುಕ್ತಿಯು ಬೇಡನಿಗೆ ದೊರೆತುದಾಗದೆ, ಬೇಡತನದಿಂದ ದೊರೆತ ಬಿಡುಗಡೆಯಾಗುವುದು. ವಾಗಿನಗೇರಿಯ ಕಥೆ ಕೇಳಿ ಬೆಳೆದವರಿಗೆ ಇದು ರುಚಿಸುವ ಮಾತಲ್ಲ.

ಪಾಮರರ ಮುಂದಿಡುವ ಚಿತ್ರದಲ್ಲಿ ಇಷ್ಟು ಸೂಕ್ಷ್ಮವನ್ನು ಅರಸುವುದು ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ಪಾಮರರೆನ್ನುವವರೇ ಈ ಸೂಕ್ಷ್ಮವನ್ನು ಮೊದಲು ಬಲ್ಲರು. ಅದೂ ಅಲ್ಲದೆ, ಚಿತ್ರವು ಒಂದು ಕೈಯಿಂದ ಕಸಿದುದನ್ನು ಇನ್ನೊಂದು ಕೈಯಿಂದ ಹಿಂದಿರುಗಿಸಿದೆ. ದೇಗುಲದ ಅರ್ಚಕನು ದಿಣ್ಣನ ಮೇಲೆ ಕಳವಿನ ಆರೋಪವನ್ನು ಹೊರಿಸುವನು, ನಿರಪರಾಧಿಯು ಹಿಂಸೆಗೊಳಗಾಗುವನು. ಈ ಭಾಗದಲ್ಲಿ ದೇವಲೋಕವು ನೆನಪಿಗೇ ಬಾರದು. ಅಲ್ಲಿ ಕಾಣುವುದು ಮಾತು ಕೇಳುವವರಿಲ್ಲದ ಒಬ್ಬ ಕಾಡಿನ ಮನುಷ್ಯ. ಕಂಪನಿ ನಾಟಕದಲ್ಲಿ ಪಳಗಿದ ಕಂಠವನ್ನು ರಾಜ್‌ಕುಮಾರರು ಇಲ್ಲಿ ತಗ್ಗಿಸಿ, ಅರಿಯದವನ ಮುಗ್ಧತೆಯನ್ನು ಮುಖದಲ್ಲಿಯೇ ತೋರಿರುವರು. ಕಣ್ಣನ್ನು ಕೀಳುವ ಪ್ರಸಂಗಕ್ಕಿಂತ ಈ ಪ್ರಸಂಗಗಳೇ ಹೆಚ್ಚಿನವು. ಪಂಡರೀಬಾಯಿಯವರ ಸಂಯಮವೂ, ನರಸಿಂಹರಾಜುರವರ ಹಾಸ್ಯವೂ ಅದಕ್ಕೆ ಒತ್ತಾಸೆಯಾಗಿವೆ. ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಅರ್ಹತಾಪತ್ರವು ದೊರೆಯಿತು. ಅದೇ ಕಥೆಯನ್ನು ಸಿಂಹರವರು ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ನಿರ್ಮಿಸಿದಾಗಲೂ ನಾಯಕರು ರಾಜ್‌ಕುಮಾರರೇ. ಅವರು ಕನ್ನಡವನ್ನು ಬಿಟ್ಟು ನಟಿಸಿದ ಚಿತ್ರ ಅದೊಂದೇ.

ಪೌರಾಣಿಕ ಬೇಡನಿಗೆ ಹೀಗೆ ತೆರೆಯ ಮೇಲೆ ಮನ್ನಣೆ ದೊರೆಯಿತು. ಚಾರಿತ್ರಿಕ ವಸ್ತುವಿಗೆ ಕೈಹಾಕಿದಾಗ ಆ ಕಾಲದ ಹೆಸರಾಂತ ಚಿತ್ರಗಳು ನಡೆದದ್ದು ಬೇರೆ ಕಡೆಗೆ: ‘ರಣಧೀರ ಕಂಠೀರವ’ (1960) ಮೈಸೂರಿಗೆ, ‘ಕಿತ್ತೂರು ಚೆನ್ನಮ್ಮ’ (1961) ಕಿತ್ತೂರಿಗೆ, ‘ಶ್ರೀ ಕೃಷ್ಣದೇವರಾಯ’ (1970) ವಿಜಯನಗರಕ್ಕೆ. ಸಾಕುತಂದೆಯಂತಿದ್ದ ಆಂಗ್ಲ ಅಧಿಕಾರಿ, ಅವನ ಸರಕಾರದ ಮೇಲೆಯೇ ಕತ್ತಿ ಹಿರಿದ ತರುಣ ದೊರೆ; ನಾಟಕಕ್ಕೆ ಇದಕ್ಕಿಂತ ಮಿಗಿಲಾದ ಸಂಧಿ ಯಾವುದು? ಅದರ ಒಂದು ಪಕ್ಷವನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ವಿಸ್ತರಿಸಿದ್ದು, ಆ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಅಚ್ಚಾಯಿತು. ವೆಂಕಟಪ್ಪನಾಯಕನಾದರೋ ತನ್ನ ಪಕ್ಷವನ್ನು ಬರೆದಿಡುವಷ್ಟು ಕಾಲ ಬದುಕಲಿಲ್ಲ.