ಹಿಂಗಾರಿ ಜೋಳದ ತಳಿಗಳು: ಸೊಲ್ಲಾಪುರ–ಅಕ್ಕಲಕೋಟ ಸೀಮೆ

ಅಕ್ಕಲಕೋಟ ತಾಲ್ಲೂಕಿನ ದುಧನಿ, ಮಂಗಳವೇಢೆ, ಗಡಿಯಾಚೆಯ ಇಂಡಿ, ಆಳಂದ ಈ ಎಲ್ಲ ಊರುಗಳ ಎರಿ ಹೊಲದಲ್ಲಿ ಚಳಿಗಾಲದ ಮುಖ್ಯ ಬೆಳೆ ಬಿಳಿಜೋಳ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಉತ್ತರಿ, ಹಸ್ತ ಮಳೆಗಳ ಹಸಿ ನೋಡಿ ಕೂರಿಗೆ ಹೂಡುತ್ತಾರೆ. ಆಮೇಲೆ ಮಳೆಯ ಭರವಸೆಯಿಲ್ಲ. ಮಣ್ಣಲ್ಲಿ ಉಳಿದ ತೇವದಲ್ಲೇ ಪೈರು ತೆನೆ ಕಟ್ಟಬೇಕು.

1933-35ರ ನಡುವೆ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹ್ತಕ್‌ಗಳಲ್ಲಿ ಒಣ ಬೇಸಾಯ ಸಂಶೋಧನೆ ಆರಂಭವಾಯಿತು. ಬದು, ಅಗಲ ಸಾಲು, ಎಡೆಕುಂಟಿಯ ‘ಮುಂಬಯಿ ಪದ್ಧತಿ’ ರೂಪುಗೊಂಡದ್ದು ಈ ಕಾಲದಲ್ಲಿ.

ಈ ಸೀಮೆಯ ತಳಿಗಳಲ್ಲಿ ಗೊಂದಲವಿರುವುದು ಮಾಲದಂಡಿ ಜೋಳದ ವಿಷಯದಲ್ಲಿ. ಒಂದೇ ಹೆಸರಿನಡಿ ಮೂರು ಸಂಗತಿಗಳು ಬೆರೆತಿವೆ. ಮೊದಲನೆಯದು ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ನಾಟಿ ಜೋಳ. ಎರಡನೆಯದು ಅದರಿಂದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1. ಮೂರನೆಯದು ದುಂಡಗೆ, ಮುತ್ತಿನಂತೆ ಹೊಳೆಯುವ ಯಾವುದೇ ಬಿಳಿಜೋಳಕ್ಕೆ ಪೇಟೆಯಲ್ಲಿ ಅಂಟಿಕೊಂಡ ಹೆಸರು. ಬೀಜ ಕಾಯ್ದೆ ಬಂದದ್ದೇ 1966ರಲ್ಲಿ. ಹಾಗಾಗಿ ಅದರಡಿಯ ಅಧಿಸೂಚನೆಯ ವರ್ಷವನ್ನು ತಳಿ ಹುಟ್ಟಿದ ವರ್ಷವೆಂದು ಬರೆಯುವುದು ತಪ್ಪು. 2016ರಲ್ಲಿ ಭೌಗೋಳಿಕ ಸೂಚಕ ಪಡೆದದ್ದು ಮಂಗಳವೇಢೆಯ ಜೋಳ. ಎಲ್ಲೆಡೆ ಬೆಳೆಯುವ ಎಂ 35-1ಕ್ಕೆ ಆ ಗುರುತು ಸಲ್ಲದು. 1956ರವರೆಗೆ ವಿಜಾಪುರವೂ ಸೊಲ್ಲಾಪುರವೂ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ ಈ ತಳಿಯ ಕಥೆಯನ್ನು ಒಂದೇ ರಾಜ್ಯದ್ದೆಂದು ಹೇಳುವುದೂ ಅರೆಬರೆ. ವಿಜಾಪುರದಲ್ಲೂ ನಾಟಿ ಮುಗುತಿಯಿಂದ 5-4-1 ಆಯ್ಕೆಯಾಗಿತ್ತು.

1964ರಲ್ಲಿ ಬಂದ ಸಿಎಸ್‌ಎಚ್-1 ಸಂಕರಣ ಮುಂಗಾರಿ ಜೋಳದ ಚಿತ್ರವನ್ನೇ ಬದಲಿಸಿತು. ಹಿಂಗಾರಿಯಲ್ಲಿ ಸಂಕರಣಗಳು ಊರಲಿಲ್ಲ. ಇದನ್ನು ರೈತರ ಹಟವೆಂದು ಬರೆಯುವುದು ಅನ್ಯಾಯ. ಹೂಬಿಡುವ ಹೊತ್ತಿನ ಕಡುಚಳಿಗೆ ಹಲವು ಸಂಕರಣಗಳಲ್ಲಿ ಪರಾಗ ಬರಡಾಗಿ ಕಾಳು ಕಟ್ಟುತ್ತಿರಲಿಲ್ಲ. ಗಿಡ್ಡ ಗಿಡದಿಂದ ಕಣಿಕೆಯೂ ಕಡಿಮೆ. ಬೇಸಿಗೆಯಲ್ಲಿ ದನ ಬದುಕುವುದು ಬಣವಿಯ ಮೇಲೆ. ಕಾಳಿನ ತೂಕ ಒಂದನ್ನೇ ಹಿಡಿದು ತಳಿ ಅಳೆಯುವ ಪುಸ್ತಕಗಳು ಕಣಿಕೆಯನ್ನು ಬಿಟ್ಟುಬಿಡುತ್ತವೆ.

ತೇವ ಬತ್ತಿದಾಗ ಬರುವ ರೋಗವೊಂದು ಆಯ್ಕೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ತೆನೆ ಬಲಿಯುವ ಹೊತ್ತಿಗೆ ಗಿಡ ಬುಡದಲ್ಲೇ ಮುರಿದು ಬೀಳುತ್ತದೆ. ದಂಟು ಸೀಳಿದರೆ ತಿರುಳು ನಾರುನಾರಾಗಿ, ಇದ್ದಿಲ ಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆ. ತೀರಾ ಬೇಗ ಬಿತ್ತಿದರೆ ಸುಳಿನೊಣದ ಕಾಟ ಬೇರೆ.

ಆದ್ದರಿಂದ ಈಚಿನ ಶಿಫಾರಸುಗಳು ಇಡೀ ಸೀಮೆಗೆ ಒಂದೇ ತಳಿ ಹೇಳುವುದಿಲ್ಲ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ತೆಳು ಮಣ್ಣಿಗೆ ಬೇಗ ಬಲಿಯುವ ಫುಲೆ ಅನುರಾಧಾ, ನಡುಮಣ್ಣಿಗೆ ಫುಲೆ ಸುಚಿತ್ರಾ, ಆಳದ ಎರಿಗೆ ಫುಲೆ ವಸುಧಾ ಎಂದು ಮಣ್ಣಿನ ಆಳ ನೋಡಿ ಹಂಚಿದೆ. ಹಸಿ ತೆನೆ ಸುಟ್ಟು ತಿನ್ನುವ ಸೀತನಿಗೆಂದೇ ಫುಲೆ ಉತ್ತರಾ ಇದೆ.