ವತನ

ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಹಿರಿಯರ ಮಾತಿನಲ್ಲಿ ಇನ್ನೂ ಬಾಳುತ್ತಿರುವ ಒಂದು ಪದ 'ವತನ'. ಅರಬ್ಬಿಯಲ್ಲಿ ಅದರ ಅರ್ಥ ಮನುಷ್ಯ ನೆಲೆನಿಂತ ಊರು, ಸ್ವಂತ ನಾಡು. ಉರ್ದು ಕವಿಗಳ ಬಾಯಲ್ಲಿ ಅದು ತಾಯ್ನಾಡಾಯಿತು. ದಖ್ಖನ್ನಿನ ಸುಲ್ತಾನರ ದಫ್ತರಗಳಲ್ಲಿ ಮಾತ್ರ ಅದು ಬೇರೆಯೇ ಹೊರೆ ಹೊತ್ತುಕೊಂಡಿತು: ತಂದೆಯಿಂದ ಮಗನಿಗೆ ಇಳಿಯುವ ಅಧಿಕಾರ, ಆ ಅಧಿಕಾರಕ್ಕೆ ಅಂಟಿದ ಭೂಮಿ, ಭೂಮಿಯ ಜೊತೆಗೆ ಬರುವ ಹಕ್ಕು ಮತ್ತು ಮಾನ.

ವತನಕ್ಕೆ ಮೆಟ್ಟಿಲುಗಳಿದ್ದವು. ಪರಗಣೆಯ ಕಂದಾಯಕ್ಕೆ ದೇಸಾಯಿ, ಅದರ ಲೆಕ್ಕಕ್ಕೆ ದೇಶಪಾಂಡೆ. ಹಳ್ಳಿಗೆ ಗೌಡ ಅಥವಾ ಪಾಟೀಲ, ಹಳ್ಳಿಯ ಲೆಕ್ಕಕ್ಕೆ ಕುಲಕರ್ಣಿ. ಮೊದಲಿಗೆ ಇವೆಲ್ಲ ಕೆಲಸಗಳು. ತಲೆಮಾರು ಕಳೆದಂತೆ ಆಸ್ತಿಯಾದವು; ಪಾಲಾದವು, ಮಾರಾಟವಾದವು, ಜಗಳಕ್ಕೂ ಕಾರಣವಾದವು. ಕೊನೆಗೆ ಮನೆತನದ ಹೆಸರಾಗಿ ಉಳಿದವು. ಇಂದು ನಮ್ಮ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ಹಳೆಯ ಆಡಳಿತದ ಅಷ್ಟೂ ಹುದ್ದೆಗಳು ಅಡ್ಡಹೆಸರುಗಳಾಗಿ ಸಾಲುಗಟ್ಟಿವೆ.

ಯುರೋಪಿನ ಕುಲೀನರ ಕಥೆಯೂ ಇದೇ ದಾರಿಯಲ್ಲಿ ನಡೆದದ್ದು. 'ಕೌಂಟ್' ಎಂಬುದರ ಲ್ಯಾಟಿನ್ ಮೂಲಕ್ಕೆ ಜೊತೆಗಾರ ಎಂದರ್ಥ. 'ಡ್ಯೂಕ್' ಎಂದರೆ ಮುಂದಾಳು. ಷಾರ್ಲ್‌ಮೇನ್ ದೊರೆಯ ಕಾಲದಲ್ಲಿ ಕೌಂಟ್ ಎಂದರೆ ಜಿಲ್ಲೆಗೆ ನೇಮಕವಾದ ಅಧಿಕಾರಿ, ದೊರೆ ಬೇಕೆಂದಾಗ ತೆಗೆಯಬಹುದಾದವನು. 877ರ ಹೊತ್ತಿಗೆ ತಂದೆಯ ಪದವಿಗೆ ಮಗ ಬರುವ ರೂಢಿಯನ್ನು ಅರಮನೆಯೇ ಒಪ್ಪಿಕೊಂಡಿತ್ತು. ಫ್ರಾನ್ಸಿನಲ್ಲಿ 1604ರಿಂದ ವರ್ಷವರ್ಷವೂ ಒಂದು ತೆರಿಗೆ ಕಟ್ಟಿ ಸರಕಾರಿ ಹುದ್ದೆಯನ್ನು ವಂಶಕ್ಕೆ ಉಳಿಸಿಕೊಳ್ಳಬಹುದಿತ್ತು. ರೈತ 'ತಾಯ್' ಎಂಬ ಕಂದಾಯ ಕೊಡಬೇಕು; ಕುಲೀನನಿಗೆ ಅದರಿಂದ ವಿನಾಯಿತಿ. ರೈತ ತನ್ನ ಗೋಧಿಯನ್ನು ಜಮೀನ್ದಾರನ ಗಿರಣಿಯಲ್ಲೇ ಬೀಸಿಸಬೇಕು. ಜಮೀನ್ದಾರನ ಪಾರಿವಾಳಗಳು ಬಂದು ಬಿತ್ತಿದ ಕಾಳು ಹೆಕ್ಕಿದರೂ ಸುಮ್ಮನಿರಬೇಕು. ಬಿಟ್ಟಿ ದುಡಿಮೆ ಅಲ್ಲಿಯೂ ಇತ್ತು. 1789ರ ಆಗಸ್ಟ್ 4ರ ರಾತ್ರಿ ಪ್ಯಾರಿಸಿನ ಹತ್ತಿರದ ವರ್ಸೈಯಲ್ಲಿ ಸೇರಿದ ಸಭೆ ಈ ಹಕ್ಕುಗಳನ್ನು ಕಿತ್ತುಹಾಕಲು ಒಪ್ಪಿತು. ಮರುವರ್ಷ ಬಿರುದುಗಳೂ ರದ್ದಾದವು.

ನಮ್ಮಲ್ಲಿ ವತನಕ್ಕೆ ಕೈಹಾಕಿದವರಲ್ಲಿ ಕಂಪನಿ ಸರಕಾರವೂ ಒಂದು. ಕಿತ್ತೂರಿನವರು ದೇಸಾಯಿಗಳು. 1824ರಲ್ಲಿ ಅವರ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದೇ ಯುದ್ಧಕ್ಕೆ ಕಾರಣವಾಯಿತು. ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮ ಕೊನೆಗೆ ಬೈಲಹೊಂಗಲದಲ್ಲಿ ಸೆರೆಯಲ್ಲಿ ತೀರಿಕೊಂಡರು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ ಕಣ್ಮುಚ್ಚಿದ ಮೇಲೆ ಆ ಸಂಸ್ಥಾನವೂ ಕಂಪನಿಯ ಪಾಲಾಯಿತು. ಮುಂದೆ 1874ರ ಮುಂಬಯಿ ಕಾಯ್ದೆ ಉಳಿದ ವತನಗಳಿಗೆ ಕಟ್ಟುಪಾಡು ಹಾಕಿತು.

ಆದರೆ ವತನ ಎಂದರೆ ದೇಸಾಯಿಯ ವಾಡೆ ಮಾತ್ರ ಎಂದುಕೊಂಡರೆ ಆ ಪದಕ್ಕೆ ಅನ್ಯಾಯ ಮಾಡಿದಂತೆ. ಅದರ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ಮಹಾರ ವತನವಿತ್ತು. ಊರ ಗಡಿ ಕಾಯುವುದು, ಸರಕಾರಿ ಕಾಗದ ಒಯ್ಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ಸತ್ತ ದನ ಎಳೆಯುವುದು. ಹಗಲು ರಾತ್ರಿ ಎನ್ನದೆ ಕರೆದಾಗ ಇಡೀ ಮನೆತನ ಓಡಬೇಕು. ಪ್ರತಿಫಲ ಒಂದು ತುಣುಕು ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಮೇಲಿನವನಿಗೆ ಯಾವ ಪದ ಸಿಂಹಾಸನವಾಯಿತೋ ಅದೇ ಪದ ಕೆಳಗಿನವನಿಗೆ ಕಾಲಿನ ಸರಪಳಿಯಾಯಿತು. ಯುರೋಪಿನಲ್ಲಿ ಒಡೆಯನಿಗೊಂದು, ಜೀತದಾಳಿಗೊಂದು ಬೇರೆ ಬೇರೆ ಪದಗಳಿದ್ದವು. ನಮ್ಮಲ್ಲಿ ಇಬ್ಬರನ್ನೂ 'ವತನದಾರ' ಎಂದೇ ಕರೆದರು, ಮಾನ ಮಾತ್ರ ಒಬ್ಬನಿಗೇ ಸಂದಿತು.

ಈ ಗಂಟನ್ನು ಮೊದಲು ಬಿಡಿಸಿದವರಲ್ಲಿ ನಮ್ಮ ಭಾಗಕ್ಕೆ ಹತ್ತಿರದ ಹೆಸರು ಕೊಲ್ಹಾಪುರದ ಶಾಹೂ ಮಹಾರಾಜರದು. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿ ಅವರು ಮಹಾರ ವತನವನ್ನು ರದ್ದುಮಾಡಿದರು. ಕುಲಕರ್ಣಿ ವತನವನ್ನೂ ತೆಗೆದು ಸಂಬಳದ ತಲಾಠಿಯನ್ನು ನೇಮಿಸಿದರು. 'ತಲಾಠಿ' ಎಂಬ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ. 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಅದು ಆಗ ಪಾಸಾಗಲಿಲ್ಲ. ಸ್ವಾತಂತ್ರ್ಯದ ಮೇಲೆ 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಮುಗಿಸಿತು. ಹಳ್ಳಿಯ ಹುದ್ದೆಗಳನ್ನು ರದ್ದುಪಡಿಸಿದ 1961ರ ಮೈಸೂರು ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹೊಲ ಸರಕಾರಕ್ಕೆ ಸೇರಿ, ಮತ್ತೆ ಹಿಡುವಳಿದಾರರ ಹೆಸರಿಗೇ ಮಂಜೂರಾಗುವ ದಾರಿ ತೆರೆಯಿತು.

ಎಲ್ಲ ಮಾನವೂ ಕೆಟ್ಟದ್ದಲ್ಲ. ನಮ್ಮ ಕಡೆಯ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಪ್ರತಿವರ್ಷ ಪಂಢರಪುರದ ಪಾದಯಾತ್ರೆಯಾದ ವಾರಿಗೆ ಎರಡು ಕುದುರೆಗಳು, ಅದು ಹೊರಡುವ ಆಳಂದಿಗೆ ನಡೆದೇ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದು ಸಂತ ಜ್ಞಾನೇಶ್ವರರ ಕುದುರೆ, ಅದರ ಮೇಲೆ ಯಾರೂ ಕೂರುವುದಿಲ್ಲ. ಇದೂ ವಂಶಪಾರಂಪರ್ಯದ ಹಕ್ಕೇ. ಆದರೆ ಇಲ್ಲಿ ಹಕ್ಕು ಎಂದರೆ ಕೊಡುವುದು, ನಡೆಯುವುದು, ಸೇವೆ. ಯಾರ ಬೆವರನ್ನೂ ಕಸಿಯದ ಇಂಥ ಮಾನ ಉಳಿಯಲಿ ಎಂದು ಮನಸಾರೆ ಹಾರೈಸುತ್ತೇನೆ.

ಉಳಿಯಬಾರದ್ದು ಇನ್ನೊಂದಿದೆ. ಅಡ್ಡಹೆಸರು ಕೇಳಿದೊಡನೆ ಒಬ್ಬರಿಗೆ ಕುರ್ಚಿ, ಇನ್ನೊಬ್ಬರಿಗೆ ಕಟ್ಟೆಯ ಕೆಳಗಿನ ಜಾಗ ತೋರಿಸುವ ರೂಢಿ. ಕಾಯ್ದೆ ಹೊಲವನ್ನು ಮುಟ್ಟಬಲ್ಲದು, ಈ ರೂಢಿಯನ್ನು ನಾವೇ ಬಿಡಬೇಕು. ವಾಡೆಗಳ ಅಟ್ಟದಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಇಟ್ಟುಕೊಂಡ ಮನೆತನಗಳಲ್ಲಿ ನನ್ನದೊಂದು ವಿನಂತಿ: ಗೆದ್ದಲು ತಿನ್ನುವ ಮೊದಲು ಅವನ್ನು ಓದಬಲ್ಲವರಿಗೆ ತೋರಿಸಿ. ಅವುಗಳಲ್ಲಿ ನಿಮ್ಮ ಅಜ್ಜಂದಿರ ಹೆಸರಿನ ಜೊತೆಗೆ, ಅವರಿಗಾಗಿ ದುಡಿದವರ ಹೆಸರೂ ಇರಬಹುದು. ಅರಬ್ಬಿಯವರು ಕೊಟ್ಟ ಮೊದಲ ಅರ್ಥದ ವತನ, ಅಂದರೆ ನೆಲೆನಿಂತ ಊರು, ಆ ಇಬ್ಬರದೂ ಹೌದು.